ನಾಲ್ಕು ಕಿಲೋಮೀಟರಿನ ನೀರು

"ಗುರುಗಳೇ, ಒಡೆದ ಪಾತ್ರೆಗೆ ನೀರು ತುಂಬಿ ಏನು ಫಲ?" ಎಂದು ಚೆನ್ನಮಲ್ಲ ಕೇಳಿದ. ಅವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದವನು.

ಯಾವ ಪಾತ್ರೆ ಎಂದರು ಗುರುಗಳು.

"ನಾನೇ. ಬೆಳಗಿನ ಪೂಜೆಯಿಂದ ಏಳುವಾಗ ಮನಸ್ಸು ತುಂಬಿರುತ್ತದೆ. ನಡುಮಧ್ಯಾಹ್ನದ ಹೊತ್ತಿಗೆ ಯಾರಾದರೂ ಒಂದು ಮಾತು ಅಂದರೆ ಸಾಕು, ಸಿಟ್ಟು ಬಂದು ಎಲ್ಲ ಸೋರಿಹೋಗುತ್ತದೆ. ಆಮೇಲೆ ಮಲಗುವ ತನಕ ಬರಿದು. ಹನ್ನೆರಡು ವರ್ಷದಿಂದ ಹೀಗೇ. ಈ ಬಿರುಕು ಮುಚ್ಚುವ ತನಕ ಪೂಜೆಗೆ ಕೂರುವುದನ್ನೇ ಬಿಡೋಣ ಅನ್ನಿಸುತ್ತಿದೆ."

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ದೂರದ ಊರಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಮಣ್ಣಿನ ಮನೆ ಕಟ್ಟಿಸುತ್ತಿದ್ದಳು. ಅದರ ಹೆಬ್ಬಾಗಿಲ ಚೌಕಟ್ಟನ್ನು ತನ್ನ ಹಳೆಯ ಕಾರಿನ ಮೇಲೆ ಬಿಗಿದುಕೊಂಡು ಬಡಗಿ ಹೊರಟಿದ್ದ. ಮರುದಿನ ನಡುಮಧ್ಯಾಹ್ನ ಬಾಗಿಲು ನಿಲ್ಲಿಸುವ ಮುಹೂರ್ತ. ಅದು ತಪ್ಪಿದರೆ ಆಷಾಢ ಹಿಡಿಯುತ್ತದೆ. ಆ ತಿಂಗಳು ಅಲ್ಲಿ ಯಾರೂ ಬಾಗಿಲು ನಿಲ್ಲಿಸುವುದಿಲ್ಲ. ಬಾಗಿಲು ನಿಲ್ಲದೆ ಗೋಡೆ ಏಳುವುದಿಲ್ಲ, ಗೋಡೆ ಏಳದೆ ಮಾಡು ಕೂರುವುದಿಲ್ಲ. ಆ ಹೆಂಗಸಿನ ಮಗಳು ಬಸುರಿ, ಶ್ರಾವಣಕ್ಕೆ ದಿನ ತುಂಬುತ್ತಿತ್ತು. ಮಳೆಗಾಲದಲ್ಲಿ ಬಾಣಂತಿಗೆ ಒಂದು ಸೂರು ಬೇಕು. ಬಾಗಿಲು ನಿಲ್ಲಿಸಿಕೊಡುತ್ತೇನೆ ಎಂದು ಬಡಗಿ ಮಾತು ಕೊಟ್ಟಿದ್ದ.

ಆ ಊರು ಇನ್ನೂ ಮೂವತ್ತಾರು ಕಿಲೋಮೀಟರ್ ಇದೆ ಎನ್ನುವಾಗ ರಸ್ತೆಯ ಕಲ್ಲು ಸಿಡಿದು ಕಾರಿನ ರೇಡಿಯೇಟರ್ ಬಿರುಕುಬಿಟ್ಟಿತು. ಸಂಜೆಯಾಗಿತ್ತು. ನಾಲ್ಕು ಜನ ತಳ್ಳಿಕೊಂಡು ಹೋಗಿ ಕಾರನ್ನು ಒಬ್ಬ ಮೆಕ್ಯಾನಿಕ್‌ನ ಅಂಗಡಿ ಮುಂದೆ ನಿಲ್ಲಿಸಿದರು. ಅವನು ಬಗ್ಗಿ ನೋಡಿ ತಲೆಯಾಡಿಸಿದ.

"ಆಚಾರ್ರೇ, ಇದು ಬೆಸುಗೆಗೆ ನಿಲ್ಲುವುದಿಲ್ಲ. ಹೊಸದು ತರಿಸಬೇಕು, ಮೂರು ದಿನ ಹಿಡಿಯುತ್ತೆ. ಕಾರು ಇಲ್ಲೇ ಬಿಟ್ಟು ಬಸ್ಸು ಹತ್ತಿ."

"ನಾನು ಹತ್ತಬಹುದು. ಚೌಕಟ್ಟನ್ನು ಹತ್ತಿಸಿಕೊಳ್ಳುವವರು ಯಾರು? ಇದಕ್ಕೆ ನೀರು ತುಂಬಿದರೆ ಎಷ್ಟು ದೂರ ಓಡುತ್ತೆ?"

"ನಾಲ್ಕು ಕಿಲೋಮೀಟರು. ಅಷ್ಟರಲ್ಲಿ ಸೋರಿಹೋಗುತ್ತೆ. ಇದೇನು ಕಾರೋ, ಜರಡಿಯೋ?"

"ನಾಲ್ಕು ಕಿಲೋಮೀಟರು ನೀರು ಹಿಡಿಯುವ ಜರಡಿ ಅಂದರೆ ಒಳ್ಳೇ ಜರಡಿಯೇ," ಎಂದ ಬಡಗಿ.

ಮೆಕ್ಯಾನಿಕ್ ನಕ್ಕು, ಬಟ್ಟೆ ಸೋಪನ್ನು ನಾದಿ ಬಿರುಕಿಗೆ ಮೆತ್ತಿದ. ಎರಡು ಕ್ಯಾನು ಕೊಟ್ಟ. "ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೀಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತೆ. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಇಂಜಿನ್ನೇ ಸೀಳುತ್ತೆ. ಅದು ತಣಿಯುವ ತನಕ ನೀವೂ ತಣೀರಿ," ಎಂದ.

ಬಡಗಿ ರಾತ್ರಿ ಅಲ್ಲೇ ಕಳೆದು ಬೆಳಗ್ಗೆ ಆರಕ್ಕೆ ಹೊರಟ. ನಾಲ್ಕು ಕಿಲೋಮೀಟರಿಗೆ ನಿಲ್ಲಿಸಿದ. ಅರ್ಧ ಗಂಟೆ ಕಾದ. ನೀರು ತುಂಬಿ ಮತ್ತೆ ಹೊರಟ. ಎರಡನೆಯ ಸಲವೂ ಹಾಗೇ ಮಾಡಿದ. ಮೂರನೆಯ ಸಲ ನಾಲ್ಕು ಕಿಲೋಮೀಟರ್ ಮುಗಿದರೂ ಬಿಸಿ ತೋರಿಸುವ ಮುಳ್ಳು ಮೇಲೇರಿರಲಿಲ್ಲ. ಸೋಪು ಕಚ್ಚಿಕೊಂಡಿದೆ, ಇನ್ನೊಂದೆರಡು ಕಿಲೋಮೀಟರ್ ನೋಡೋಣ ಎಂದುಕೊಂಡ. ಒಂದು ಮುಗಿಯುವುದರೊಳಗೆ ಮುಳ್ಳು ಕೆಂಪಿಗೆ ಬಂತು, ಮುಂದಿನಿಂದ ಆವಿ ಎದ್ದಿತು. ಅದು ತಣಿಯಲು ಒಂದು ಗಂಟೆಯ ಮೇಲಾಯಿತು. ಬಡಗಿ ಮೈಲಿಗಲ್ಲಿನ ಮೇಲೆ ಕೂತು, ತನ್ನ ಮೇಲೆ ತಾನೇ ಸಿಟ್ಟಾಗಿ, ಆ ಸಿಟ್ಟೂ ತಣಿಯುವ ತನಕ ಕಾದ. ಆಮೇಲೆ ಅವನು ಬಿರುಕನ್ನು ಬಗ್ಗಿ ನೋಡಲಿಲ್ಲ, ಸೋಪನ್ನು ನಂಬಲಿಲ್ಲ. ನಾಲ್ಕಾಯಿತೋ, ನಿಲ್ಲಿಸಿದ.

ಆರನೆಯ ನಿಲುಗಡೆಯಲ್ಲಿ ಎರಡೂ ಕ್ಯಾನು ಬರಿದಾಗಿದ್ದವು. ದಾರಿಯಲ್ಲಿದ್ದ ಒಂದು ಊರ ನಲ್ಲಿಯ ಮುಂದೆ ಬಿಂದಿಗೆಗಳ ಸಾಲಿತ್ತು, ನೀರು ಬೆರಳು ಗಾತ್ರ ಬರುತ್ತಿತ್ತು. ಬಡಗಿ ಸಾಲಿನ ಕೊನೆಗೆ ಕ್ಯಾನು ಇಟ್ಟ.

"ಏನಣ್ಣ, ನಮಗೇ ಕುಡಿಯೋಕೆ ಇಲ್ಲ, ನಿನ್ನ ಕಾರಿಗೂ ಬಾಯಾರಿಕೆಯಾ?" ಎಂದಳು ನಲ್ಲಿಗೆ ಬಿಂದಿಗೆ ಹಿಡಿದಿದ್ದ ಹೆಂಗಸು.

"ಹೂಂ ತಾಯಿ. ನಾಲ್ಕು ಹೆಜ್ಜೆಗೊಂದು ಸಲ ಕೇಳುತ್ತೆ."

"ಮೇಲಿರೋ ಬಾಗಿಲು ಯಾರ ಮನೇದು?"

ಅವನು ಹೇಳಿದ. ಬಸುರಿಯ ಮಾತೂ ಹೇಳಿದ. ಆ ಹೆಂಗಸು ಆಗ ತಾನೇ ತುಂಬಿದ ತನ್ನ ಬಿಂದಿಗೆ ಎತ್ತಿ ಅವನ ಕ್ಯಾನಿಗೆ ಹೊಯ್ದಳು. ಬರಿದಾದ ಬಿಂದಿಗೆ ಹಿಡಿದು ಸಾಲಿನ ಕೊನೆಗೆ ಹೋಗಿ ನಿಂತಳು.

ಬಡಗಿ ಊರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬುಟ್ಟಿ ಹೆಣೆಯುವವಳು ಅರಿಸಿನ ಕುಂಕುಮದ ತಟ್ಟೆ ಹಿಡಿದು ತಳಪಾಯದ ಮೇಲೆ ನಿಂತಿದ್ದಳು. ಪಂಚಾಂಗ ನೋಡುವವರು ಇನ್ನು ಕಾಲು ಗಂಟೆ ಎಂದರು. ಬಡಗಿ ಹಗ್ಗ ಬಿಚ್ಚಿದ. ಊರಿನವರು ಕೈ ಕೊಟ್ಟರು. ಚೌಕಟ್ಟು ನಿಂತಿತು. ಅವನು ತೂಕದ ಗುಂಡು ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡಿದ, ಹೂಂ ಎಂದ. ಬಸುರಿ ಹೊಸ್ತಿಲಿಗೆ ಅರಿಸಿನ ಹಚ್ಚಿದಳು.

ಅತ್ತ ಕಾರಿನ ಕೆಳಗೆ ಕೊನೆಯ ಹನಿಯೂ ತೊಟ್ಟಿಕ್ಕಿ ನೆಲ ಸೇರಿತು.

ಗುರುಗಳು ಕತೆ ನಿಲ್ಲಿಸಿದರು.

"ಬಾಗಿಲು ನಿಂತಿತು, ಸರಿ. ಆದರೆ ಬಿರುಕು ಹಾಗೇ ಉಳಿಯಿತಲ್ಲ ಗುರುಗಳೇ?"

"ಉಳಿಯಿತು," ಎಂದರು ಗುರುಗಳು. "ನಡುಮಧ್ಯಾಹ್ನಕ್ಕೇ ಬರಿದಾಗುತ್ತೇನೆ ಎಂದೆಯಲ್ಲ ಚೆನ್ನಮಲ್ಲ, ಮತ್ತೆ ತುಂಬಿಕೊಳ್ಳಲು ಮರುದಿನ ಬೆಳಗಾಗುವ ತನಕ ಯಾಕೆ ಕಾಯುತ್ತೀಯ?"