ಮಧ್ಯಾಹ್ನದ ಬೆಳಕು

ಗುಡ್ಡದೂರಿನ ವಿದ್ಯುತ್ ತಂತಿ ಕಟ್ಟಳೆಯ ಆಸಾಮಿ. ಕರೆಂಟು ಕೊಡುವವರಿಗಷ್ಟೇ ಅದರ ಬಳಗದಲ್ಲಿ ಜಾಗ.

ಒಂದು ಮಧ್ಯಾಹ್ನ ಹೊಸದಾಗಿ ಬಂದ ಸೌರಫಲಕ ಊರಿಗೆ ಬೇಕಾದುದಕ್ಕಿಂತ ಹೆಚ್ಚು ಕರೆಂಟು ಸುರಿಯಿತು. ಗುಡ್ಡದ ಮೇಲಿನ ಕೊಳ ಕೇಳಿತು: "ತಂತಿಯಣ್ಣ, ಮಿಕ್ಕಿದ್ದನ್ನು ನನ್ನ ಪಂಪಿಗೆ ಕೊಡಿ. ಕೆಳಗಿನ ಹೊಳೆಯ ನೀರನ್ನು ಮೇಲೆತ್ತಿ ತುಂಬಿಕೊಳ್ಳುತ್ತೇನೆ."

"ಕೈಚಾಚುವವರಿಗೆ ಇಲ್ಲಿ ಜಾಗವಿಲ್ಲ!" ತಂತಿ ಗದರಿತು. ಮಿಕ್ಕಿದ್ದು ತನಗೂ ಬೇಡ, ಊರಿಗೆ ಬೇಕಾದಷ್ಟೇ ಸಾಕೆಂದು ಫಲಕವನ್ನು ತಡೆಯಿತು.

ಸಂಜೆ ಸೂರ್ಯ ಮುಳುಗಿದ. ದೀಪಗಳೆಲ್ಲ ಮಂಕಾದವು. ಆಸ್ಪತ್ರೆಯ ದೀಪ ಚೀರಿತು: "ಒಳಗೆ ಹೆರಿಗೆಯಾಗುತ್ತಿದೆ, ತಂತಿಯಣ್ಣ!"

ತಂತಿ ಸುತ್ತಲೂ ಕೂಗಿತು: "ಯಾರಾದರೂ ಕೊಡುವವರಿದ್ದೀರಾ?"

"ನನ್ನ ತಳದಲ್ಲಿ ಸ್ವಲ್ಪ ನೀರಿದೆ" ಎಂದಿತು ಕೊಳ. "ಕೆಳಗಿಳಿಸಿ ಚಕ್ರ ತಿರುಗಿಸಿ ಕರೆಂಟು ಮಾಡುತ್ತೇನೆ. ಆದರೆ ಒಂದು ದೀಪಕ್ಕಷ್ಟೇ ಸಾಲುತ್ತದೆ."

ಆಸ್ಪತ್ರೆಯಲ್ಲಿ ಮಗು ಅತ್ತಿತು. ಉಳಿದ ಊರು ಕತ್ತಲಲ್ಲೇ ಉಂಡಿತು. ನಾಚಿಕೆಯಿಂದ ತಂತಿ ಜೋತುಬಿತ್ತು.

ಮರುದಿನ ಮಧ್ಯಾಹ್ನ ತಂತಿ ತಾನಾಗಿಯೇ ಕರೆಯಿತು: "ಕೊಳವೇ, ಬಾ, ಹೊಟ್ಟೆ ತುಂಬಿಸಿಕೋ. ಇನ್ನು ಕಾದಿಟ್ಟು ಕೊಡುವವರೂ ನಮ್ಮ ಬಳಗವೇ."

ಅಂದು ಸಂಜೆ ಊರೆಲ್ಲ ಬೆಳಗಿತು. ತೂಕಡಿಸುತ್ತಿದ್ದ ಫಲಕ ಬೆಚ್ಚಿ ಕೇಳಿತು: "ಇದು ಯಾರ ಬೆಳಕು?"

"ನಿನ್ನದೇ" ಎಂದಿತು ಕೊಳ.