ಬೆಂಕಿಯನ್ನು ಮಲಗಿಸಿದ ಹುಂಜ

ಲೋಕ ಇನ್ನೂ ಹಸಿಯಾಗಿತ್ತು. ಗುಡ್ಡಗಳು ಎಲ್ಲಿ ಕೂರಬೇಕು ಎಂದು ಜಾಗ ನೋಡುತ್ತಿದ್ದವು. ಹೊಳೆಗೆ ದಾರಿ ಗೊತ್ತಿರಲಿಲ್ಲ, ಸಿಕ್ಕವರನ್ನೆಲ್ಲ ಕೇಳುತ್ತಿತ್ತು. ಆಗಿನ ಮಾತು ಇದು.

ಆಗ ಚಳಿಗೆ ಮನೆ ಇರಲಿಲ್ಲ. ಪುಷ್ಯ ಮಾಸ ಬಂತೆಂದರೆ ಕಂಡವರ ಗೂಡಿಗೆ ನುಗ್ಗಿ ಕೂತುಬಿಡುತ್ತಿತ್ತು.

ಗುಡ್ಡದ ಬುಡದಲ್ಲಿ ಒಂದು ಮಣ್ಣಿನ ಗೂಡು. ಅದರಲ್ಲಿ ಕೆಂಚ ಎಂಬ ಹುಂಜ, ಚುಕ್ಕಿ ಎಂಬ ಹೇಂಟೆ. ಲೋಕದ ಮೊದಲ ಕೋಳಿಗಳು ಅವೇ. ಚುಕ್ಕಿ ಕಾವಿಗೆ ಕೂತಿದ್ದಳು. ಹುಲ್ಲಿನಲ್ಲಿ ಒಂದು ಗುಳಿ, ಗುಳಿಯಲ್ಲಿ ಮೊಟ್ಟೆ, ಮೊಟ್ಟೆಯ ಮೇಲೆ ಚುಕ್ಕಿ.

ಒಂದು ಬೆಳಿಗ್ಗೆ, ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋದಳು. ಹೊರಗೆಲ್ಲ ಮಂಜು. ಮಂಜಿನೊಳಗೆ ಹೋದವಳು ತಿರುಗಿ ಬರಲಿಲ್ಲ.

ಕೆಂಚ ಹುಡುಕಿದ. ಕರೆದ. ಮಂಜು ಹರಿಯಿತು. ಹೊಳೆದಂಡೆಯಲ್ಲಿ ಒಂದು ಗರಿ ಮಾತ್ರ ಬಿದ್ದಿತ್ತು. ಹೊಳೆಯನ್ನು ಕೇಳಿದ. ಹೊಳೆ ತನ್ನ ದಾರಿ ಕೇಳಿಕೊಂಡು ಮುಂದೆ ಹೋಯಿತು.

ಗೂಡಿಗೆ ಬಂದು ಗುಳಿಯಲ್ಲಿ ಕಾಲಿಟ್ಟ. ಬೆಚ್ಚಗಿತ್ತು. ಅವಳು ಬಿಟ್ಟುಹೋದ ಬಿಸಿ. ಅದು ಆರಿದರೆ ಮೊಟ್ಟೆಯೊಳಗಿನ ಮರಿಗಳೂ ಹೋಗುತ್ತವೆ. ಅಷ್ಟು ಅವನಿಗೆ ತಿಳಿದಿತ್ತು.

ತಾನೇ ಕೂತ. ಕಾಲು ಉದ್ದ, ಮಡಚಲು ಬರಲಿಲ್ಲ. ಎಲೆ ಅಲುಗಿದರೂ ಎದ್ದು ನಿಲ್ಲುವ ಚಾಳಿ ಬೇರೆ. ಕೂತ, ಎದ್ದ. ಕೂತ, ಎದ್ದ. ಬೇಲಿಯ ಮೇಲಿನ ಕಾಗೆ ಇಣುಕಿ ನೋಡಿತು.

"ಏನು ಭಾವಾ, ಮೊಟ್ಟೆ ನೀನೇ ಇಟ್ಟೆಯೋ?"

ಕಾಗೆಗೆ ಸುದ್ದಿ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೇಲಿ ಬಿಟ್ಟು ಸುಮ್ಮನೆ ಹಾರಿಹೋಯಿತು.

ಗೂಡಿನೊಳಗೆ ಬಂದು ಕೂರು ಎಂದು ಕೆಂಚ ಸೂರ್ಯನನ್ನು ಕೇಳಿದ. ನಿನ್ನ ಬಾಗಿಲು ಸಣ್ಣದು ಎಂದ ಸೂರ್ಯ. ಸಂಜೆಯೂ ಆಗಿತ್ತು. ಗುಡ್ಡದ ಆಚೆ ಇಳಿದ. ಕೆಂಚ ಗುಳಿಯಲ್ಲಿ ಕಾಲಿಟ್ಟು ನೋಡಿದ. ಬಿಸಿ ಕಡಿಮೆಯಾಗಿತ್ತು.

ಹತ್ತಿರದಲ್ಲೇ ಸಾತವ್ವ ಎಂಬ ಮುದುಕಿಯ ಗುಡಿಸಲು. ಲೋಕದಲ್ಲಿ ಒಲೆ ಹೂಡಿದವಳು ಆಗ ಅವಳೊಬ್ಬಳೇ. ಬೆಂಕಿ ಅವಳ ಒಲೆಯಲ್ಲಿ ಇರುತ್ತಿತ್ತು. ಕೆಂಚ ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿದ.

ಸಾತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಣ್ಣ ಗಡಿಗೆಯಲ್ಲಿ ಒಂದು ಕೆಂಡ ಹಾಕಿ, ಗಡಿಗೆಯ ಕೊರಳಿಗೆ ಹಗ್ಗ ಕಟ್ಟಿ ಕೊಟ್ಟಳು.

"ಒಯ್ಯಪ್ಪ. ಆದ್ರ ಇದರ ಮುಂದ ಕಣ್ಣು ಮುಚ್ಚಬ್ಯಾಡ. ಇದು ಎಂದೂ ನಿದ್ದಿ ಮಾಡಿದ್ದಲ್ಲ."

ಕೆಂಚ ಹಗ್ಗ ಕಚ್ಚಿ ಎಳೆದುಕೊಂಡು ಬಂದ. ಗಡಿಗೆಯನ್ನು ಗೂಡಿನೊಳಗೆ, ಮೊಟ್ಟೆಗಳ ಮಗ್ಗುಲಲ್ಲೇ ಇಟ್ಟ. ಬಿಸಿ ಹೊರಗೆ ಹೋಗದಿರಲಿ ಎಂದು ಬಾಗಿಲಿಗೆ ಹುಲ್ಲು ತುರುಕಿದ. ಸೂರಿನ ಕೆಳಗಿನ ಕಿಂಡಿಗೂ ತುರುಕಿದ.

ಗೂಡು ಬೆಚ್ಚಗಾಯಿತು. ಇನ್ನೂ ಬೆಚ್ಚಗಾಯಿತು. ತಲೆ ಭಾರವಾಯಿತು. ಕಣ್ಣು ತಾನೇ ಮುಚ್ಚಿತು.

ಹೊಗೆಯೊಳಗಿಂದ ಚುಕ್ಕಿ ಬಂದಳು. ಮೈಮೇಲೆ ಮಂಜಿನ ಹನಿ ಹಾಗೇ ಇತ್ತು. "ನೀರು ಸಿಹಿಯಾಗಿದೆ, ಬಾ," ಎಂದಳು. ಕೆಂಚನಿಗೆ ಹಿತವಾಯಿತು. ಅವಳ ಹಿಂದೆ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ.

ಯಾರೋ ಕಿಂಡಿ ಬಡಿದರು. ಗಾಳಿ. ದಿನವೂ ಆ ಕಿಂಡಿಯಿಂದಲೇ ಹಾದುಹೋಗುವ ಗಾಳಿ. ದಾರಿ ಮುಚ್ಚಿದ್ದು ಕಂಡು ತಳ್ಳಿತು. ಹುಲ್ಲು ಕಳಚಿ ಬಿತ್ತು.

"ಏಳು, ಕೆಂಚಣ್ಣ. ಒಳಗೆ ಉಸಿರಿಲ್ಲ."

ಕೆಂಚ ಕಣ್ಣು ಬಿಟ್ಟ. ಚುಕ್ಕಿ ಇರಲಿಲ್ಲ. ಮೊಟ್ಟೆಗಳಿದ್ದವು. ಗಡಿಗೆಯಿಂದ ಕಿಡಿ ಹಾರಿ ಗುಳಿಯ ಅಂಚಿನ ಹುಲ್ಲು ಹತ್ತಿಕೊಂಡಿತ್ತು. ಅದರ ಮೇಲೆ ಬಿದ್ದು ಮೈಯಿಂದ ಒತ್ತಿದ. ಎದೆಯ ಗರಿ ಸುಟ್ಟಿತು. ಉರಿ ಆರಿತು. ಬಾಗಿಲ ಹುಲ್ಲು ಕಿತ್ತು, ಗಡಿಗೆಯನ್ನು ಹೊರಗೆ ಎಳೆದ.

"ನಂಬಿ ಕರೆತಂದೆ ನಿನ್ನ," ಎಂದ.

ಬೆಂಕಿ ಸಣ್ಣಗಾಗಿತ್ತು. "ನಾನು ಹಸಿದು ತಿನ್ನುವುದಲ್ಲ. ನಿದ್ದೆ ಬರುವುದಿಲ್ಲ. ಸದಾ ಎಚ್ಚರ ಇದ್ದು ಏನು ಮಾಡಲಿ, ಸಿಕ್ಕಿದ್ದು ತಿನ್ನುತ್ತೇನೆ. ನನ್ನನ್ನು ಯಾರೂ ಮಲಗಿಸಿಲ್ಲ."

ಕೆಂಚನ ಕೋಪ ಇಳಿಯಿತು.

ಚುಕ್ಕಿ ಮೊಟ್ಟೆಗಳ ಮೇಲೆ ಹೇಗೆ ಕೂರುತ್ತಿದ್ದಳು ಎಂದು ನೆನೆದ. ಮೈ ಸಡಿಲ ಬಿಟ್ಟು, ಮೆತ್ತಗೆ, ಎಲ್ಲೂ ಸಂದಿ ಉಳಿಯದಂತೆ. ಹಾಗೆ ಹೊದಿಸಬೇಕು. ಆದರೆ ಏನನ್ನು? ರೆಕ್ಕೆ ಹೊದಿಸಿದರೆ ರೆಕ್ಕೆ ತಿನ್ನುತ್ತದೆ. ಹುಲ್ಲು ಹೊದಿಸಿದರೆ ಹುಲ್ಲು ತಿನ್ನುತ್ತದೆ. ಬೆಂಕಿ ಒಮ್ಮೆ ತಿಂದು ಮುಗಿಸಿದ್ದನ್ನು ಮಾತ್ರ ಮತ್ತೆ ತಿನ್ನುವುದಿಲ್ಲ.

ಸಾತವ್ವನ ಹಿತ್ತಲಲ್ಲಿ ಬೂದಿಯ ಗುಡ್ಡೆ ಇತ್ತು. ಗಡಿಗೆಯನ್ನು ಅಲ್ಲಿಗೆ ಎಳೆದುಕೊಂಡು ಹೋದ. ಬೆನ್ನು ಮಾಡಿ ನಿಂತು, ಕಾಲಿನಿಂದ ಬೂದಿ ಕೆದರಿದ. ಬೂದಿ ಗಡಿಗೆಯೊಳಗೆ ಬಿತ್ತು. ಮೆತ್ತಗೆ ಬಿತ್ತು. ಕೆದರಿದ, ಬಿತ್ತು.

"ಭಾರ ಇದೆ," ಎಂದಿತು ಬೆಂಕಿ. ಆಮೇಲೆ, "ಇರಲಿ, ಹಿತವಾಗಿದೆ," ಎಂದಿತು. ಆಮೇಲೆ ಮಾತಾಡಲಿಲ್ಲ. ಬೆಂಕಿ ಮಲಗಿದ್ದು ಲೋಕದಲ್ಲಿ ಅದೇ ಮೊದಲು.

ಈ ಸಲ ಕೆಂಚ ಗಡಿಗೆಯನ್ನು ಒಳಗೆ ಒಯ್ಯಲಿಲ್ಲ. ಗೂಡಿನ ಹೊರಗೆ, ಮೊಟ್ಟೆಗಳ ಬೆನ್ನಿಗಿದ್ದ ಮಣ್ಣಿನ ಗೋಡೆಗೆ ತಾಗಿಸಿ ಇಟ್ಟ. ಅಲ್ಲಿದ್ದ ಹುಲ್ಲುಕಡ್ಡಿಯನ್ನೆಲ್ಲ ದೂರ ಸರಿಸಿದ. ಕಿಂಡಿ ತೆರೆದೇ ಇಟ್ಟ. ಅದು ಗಾಳಿಯ ದಾರಿ.

ಬೆಂಕಿ ಮಲಗಿ ಉಸಿರಾಡಿತು. ಗೋಡೆ ಬೆಚ್ಚಗಾಯಿತು. ಗೋಡೆಯಿಂದ ಹುಲ್ಲು, ಹುಲ್ಲಿನಿಂದ ಗುಳಿ. ಕೆಂಚ ಕಾಲಿಟ್ಟು ನೋಡಿದ. ಅವಳು ಎದ್ದುಹೋದಾಗ ಎಷ್ಟಿತ್ತೋ ಅಷ್ಟೇ ಬಿಸಿ.

ಚಳಿ ಬಂದು ಬಾಗಿಲಲ್ಲಿ ನಿಂತಿತು. ಒಳಗೆ ಜಾಗ ಕಾಣದೆ ಗುಡ್ಡ ಹತ್ತಿ ಹೋಯಿತು.

ದಿನಗಳು ಹೋದವು. ಬೆಂಕಿ ಮಗ್ಗುಲು ಬದಲಿಸಿದರೆ ಕೆಂಚ ಬೂದಿ ಸರಿಮಾಡುತ್ತಿದ್ದ. ಕೆಂಡ ಸವೆದರೆ ಸಾತವ್ವ ಬೇರೆ ಕೆಂಡ ತಂದು ಹಾಕುತ್ತಿದ್ದಳು. ಇಂಥ ತುಂಟನನ್ನು ಹ್ಯಾಗೆ ಮಲಗಿಸಿದೆಯೋ ಮಾರಾಯ ಎಂದು ಕೇಳಿ ಕಲಿತು, ತನ್ನ ಒಲೆಗೂ ಹಾಗೇ ಮಾಡಿದಳು.

ಒಂದು ಬೆಳಿಗ್ಗೆ ಮೊಟ್ಟೆ ಒಡೆದು ಮರಿಗಳು ಬಂದವು. ಬಂದವೇ, ಅವ್ವ ಎಲ್ಲಿ ಎಂದು ಕೇಳಿದವು.

ಕೆಂಚ ಅವುಗಳನ್ನು ಮೆಲ್ಲಗೆ ಸಾತವ್ವನ ಹಿತ್ತಲಿಗೆ ಕರೆದೊಯ್ದ. ಬೂದಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. "ಅವಳ ಹೊಟ್ಟೆಯ ಕೆಳಗೆ ಹೀಗೇ ಇರುತ್ತಿತ್ತು," ಎಂದ.

ಮರಿಗಳು ಬೂದಿಗೆ ಇಳಿದವು. ಮೈ ಸಡಿಲ ಬಿಟ್ಟವು. ಮತ್ತೆ ಕೇಳಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಕೋಳಿಗಳು ಹಿತ್ತಲ ಬೂದಿಯಲ್ಲಿ ಗುಳಿ ತೋಡಿ, ರೆಕ್ಕೆ ಹರಡಿ, ಅರೆಗಣ್ಣು ಮುಚ್ಚಿ ಹೊರಳುತ್ತವೆ; ಎಬ್ಬಿಸಿದರೂ ಬೇಗ ಏಳುವುದಿಲ್ಲ.