ಪತಂಗದೊಣೆ

ಸಿಡಿಲಗುಂಡಿನ ಬೆಟ್ಟ ಹತ್ತುವವರು ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ಕೂರುವ ಜಾಗವೇ ಪತಂಗದೊಣೆ. ಎರಡು ಬಂಡೆಗಳ ಸಂದಿನಿಂದ ನೀರು ಜಿನುಗಿ, ಮಂಚದಷ್ಟು ಅಗಲದ ಕಲ್ಲುಕುಳಿಯಲ್ಲಿ ನಿಲ್ಲುತ್ತದೆ. ಇಂಥ ಕುಳಿಗೆ ನಮ್ಮ ಕಡೆ ದೊಣೆ ಎನ್ನುತ್ತಾರೆ. ಕಡುಬೇಸಿಗೆಯಲ್ಲೂ ಅದು ಬತ್ತಿದ್ದನ್ನು ನಾನು ಕಂಡಿಲ್ಲ. ಈಚೆಗೆ ಯಾರೋ ಪುಣ್ಯಾತ್ಮರು ಅಲ್ಲೊಂದು ಬೋರ್ಡು ನೆಟ್ಟು, ಹೆಸರಿನ ಪಕ್ಕದಲ್ಲಿ ಚಿಟ್ಟೆಯ ಚಿತ್ರ ಬರೆಸಿದ್ದಾರೆ. ಬಂದವರೆಲ್ಲ ಚಿಟ್ಟೆ ಎಲ್ಲಿ ಎಂದು ಪೊದೆ ಪೊದೆ ಹುಡುಕುತ್ತಾರೆ. ಗಾಳಿಪಟ ಹಾರಿಸುವ ಜಾಗವಿರಬೇಕೆಂದು ದಾರದುಂಡೆ ಹಿಡಿದು ಬಂದವರನ್ನೂ ನೋಡಿದ್ದೇನೆ. ಪತಂಗವೆಂದರೆ ನೂಲಿಗೆ ಕೆಂಪು ಬಣ್ಣ ಕೊಡುವ ಮರದ ಚಕ್ಕೆಯೂ ಹೌದೆಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಅದಕ್ಕೇ ಈಗ ಬರೆದೇ ಬಿಡುತ್ತೇನೆ.

ದೊಣೆಯಿಂದ ತುಸು ಮೇಲಕ್ಕೆ ಮೇಗಲಕೇರಿ ಎಂಬ ಊರಿದೆ. ಹಿಂದೆ ಒಮ್ಮೆ, ದಂಡಿನವರ ಕಾಟಕ್ಕೆ ಬೇಸತ್ತ ಕೆಲವು ನೇಕಾರ ಮನೆತನಗಳು ಮಗ್ಗ ಹೊತ್ತುಕೊಂಡು ಬಯಲಿನಿಂದ ಇಲ್ಲಿಗೆ ಬಂದವಂತೆ. ಮೊದಲು ಅವರು ಬೆಟ್ಟದ ಬುಡದ ಎರೆಮಣ್ಣಿನಲ್ಲೇ ಗೋಡೆ ಎಬ್ಬಿಸಿದರು. ಆ ಮಣ್ಣು ಮಳೆಗೆ ಉಬ್ಬಿತು, ಬೇಸಿಗೆಗೆ ಬಾಯಿ ಬಿಟ್ಟಿತು, ಗೋಡೆಗಳು ಉದ್ದಕ್ಕೂ ಸೀಳಿದವು. ಆಮೇಲೆ ಮೇಲೆ ಹತ್ತಿ ಹಾಸುಬಂಡೆಯ ಮೇಲೆ ಕಟ್ಟಿದರು. ಮೊಣಕಾಲುದ್ದ ಮಣ್ಣು ತೆಗೆದರೆ ಅಲ್ಲಿ ಬಂಡೆ ಸಿಗುತ್ತಿತ್ತು. ಬಂಡೆಯ ಮೇಲೆ ಕೂತ ಮನೆಗಳು ಅಲುಗಲಿಲ್ಲ. ಆ ಹೆಮ್ಮೆಯಲ್ಲಿ ಅವರಿಗೆ ಮಿಕ್ಕದ್ದೊಂದೂ ಕಾಣಲಿಲ್ಲ. ಹಿತ್ತಿಲಲ್ಲಿ ಒಂದು ಕುಂಬಳದ ಬಳ್ಳಿಯೂ ಬೇರೂರುತ್ತಿರಲಿಲ್ಲ. ಪ್ರತಿ ಮನೆಯ ಹಿಂದೆ ಒಂದು ಬಚ್ಚಲ ಗುಂಡಿ, ಅದರ ಪಕ್ಕದಲ್ಲೇ ತಿಪ್ಪೆ. ಗುಂಡಿಗೆ ಬಿದ್ದ ನೀರು ನೋಡನೋಡುತ್ತ ಮಾಯವಾಗುತ್ತಿತ್ತು. ನಮ್ಮ ನೆಲ ಎಷ್ಟು ಚೆನ್ನಾಗಿ ಕುಡಿಯುತ್ತದೆ ನೋಡಿ ಎಂದು ಬಂದ ನೆಂಟರೆದುರು ಬೀಗುತ್ತಿದ್ದರು. ಕುಡಿದ ನೀರು ಎಲ್ಲಿಗೆ ಹೋಯಿತೆಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆ ಕೇರಿಯಲ್ಲಿ ಎಳೆಗೂಸು ಉಳಿಯುವುದೇ ಅಪರೂಪವಾಗಿತ್ತು. ಮಳೆಗಾಲ ಬಂತೆಂದರೆ ವಾಂತಿಭೇದಿ. ಊರೆಲ್ಲ ಕುಡಿಯುತ್ತಿದ್ದದ್ದು ದೊಣೆಯ ನೀರನ್ನೇ. ಇದು ಅಲ್ಲಿ ನೆಲೆಸಿದ ದೊಣೆಯಮ್ಮನ ಮುನಿಸು ಎಂದು ಹರಕೆ ಹೊರುತ್ತಿದ್ದರು. ಕಾಯಿಲೆ ಬಿದ್ದ ಕೂಸಿಗೆ ಅಮ್ಮನ ತೀರ್ಥವೆಂದು ಅದೇ ದೊಣೆಯ ನೀರನ್ನು ಇನ್ನಷ್ಟು ಕುಡಿಸುತ್ತಿದ್ದರು. ಚೌಡಮ್ಮನೆಂಬ ಹಿರಿಯಳ ಮನೆಗೆ ಬಯಲಿನ ನೆಂಟರ ಹುಡುಗಿ ನಿಂಗಕ್ಕ ಸೊಸೆಯಾಗಿ ಬಂದಳು. ಅವಳ ತವರಿನದು ನೂಲಿಗೆ ಬಣ್ಣ ಹಾಕುವ ಕಸುಬು. ಅವಳ ಚೊಚ್ಚಲ ಮಗು ಹೀಗೆಯೇ ಹೋಯಿತು. ಎರಡನೆಯ ಮಗಳು ಮಡಿಲಲ್ಲಿದ್ದಾಗ ಮತ್ತೆ ಮಳೆ ಹಿಡಿಯಿತು, ಮಗುವಿನ ಹೊಟ್ಟೆಯೂ ಕೆಟ್ಟಿತು. ತವರಿನಲ್ಲಿ ಹಿತ್ತಿಲಿಗೆ ಚೆಲ್ಲಿದ ಬಣ್ಣದ ನೀರು ಪಕ್ಕದ ಮನೆಯ ಬಾವಿಯಲ್ಲಿ ಕಾಣಿಸಿಕೊಂಡು ಜುಟ್ಟು ಹಿಡಿಯುವ ಜಗಳವಾಗಿದ್ದು ನಿಂಗಕ್ಕನಿಗೆ ನೆನಪಿತ್ತು. ನಮ್ಮ ಬಚ್ಚಲ ನೀರೂ ಹೀಗೆಯೇ ದೊಣೆ ಸೇರುತ್ತಿರಬಹುದೆಂದು ಅತ್ತೆಗೆ ಹೇಳಿ ನೋಡಿದಳು. ಗುಂಡಿ ಎಲ್ಲಿ, ದೊಣೆ ಎಲ್ಲಿ, ನಡುವೆ ಒಂದು ಕೂಗಳತೆ ಇಲ್ಲವೇ ಎಂದು ಚೌಡಮ್ಮ ಸೊಸೆಯ ಬಾಯಿ ಮುಚ್ಚಿಸಿದಳು. ನಿಂಗಕ್ಕ ಹೋಗಿ ಒಲೆ ಹೊತ್ತಿಸಿದಳು. ತವರಿನಿಂದ ತಂದಿದ್ದ ಪತಂಗದ ಚಕ್ಕೆಯನ್ನು ಚಿಟಿಕೆ ಸುಣ್ಣ ಹಾಕಿ ಕುದಿಸಿ, ಹಂಡೆ ತುಂಬ ಕೆಂಪು ನೀರನ್ನು ಬಚ್ಚಲ ಗುಂಡಿಗೆ ಸುರಿದಳು. ಆ ದಿನವೆಲ್ಲ ಮಳೆ ಹುಯ್ಯುತ್ತಿತ್ತು.

ಮಾರನೆಯ ಬೆಳಿಗ್ಗೆ ದೊಣೆ ಕೆಂಪಗಿತ್ತು. ಊರಿಗೆ ಊರೇ ಇಳಿದು ಬಂತು. ನಿಂಗಕ್ಕ ಬಾಯಿ ತೆರೆಯುವಷ್ಟರಲ್ಲಿ ಚೌಡಮ್ಮ ಕೈಮುಗಿದು, ಅಮ್ಮ ಮೈನೆರೆದಿದ್ದಾಳೆ ಎಂದುಬಿಟ್ಟಳು! ಮುಗಿಯಿತಲ್ಲ. ದೊಣೆಯ ಮೇಲೆ ಹಸಿರು ಸೊಪ್ಪಿನ ಗುಡ್ಲು ಎದ್ದಿತು. ಮನೆಮನೆಯಿಂದ ಚಿಗಳಿ ತಂಬಿಟ್ಟು ಬಂದವು. ಆರತಿ ಎತ್ತಿ ಅಮ್ಮನನ್ನು ಹೊರಗೆ ಕರೆಯುವವರೆಗೆ ಆ ನೀರನ್ನು ಯಾರೂ ಮುಟ್ಟಬಾರದೆಂದು ಕಟ್ಟಾಯಿತು. ಹೆಂಗಸರು ಬೆಟ್ಟದ ಪಡುವಣ ಬದಿಯ ಹಳ್ಳದಿಂದ ಬೈದುಕೊಳ್ಳುತ್ತಲೇ ನೀರು ಹೊತ್ತರು. ತಾನು ಬಯಲಿಗೆಳೆಯಲು ಹೊರಟ ಕೊಳೆಗೇ ಪೂಜೆ ನಡೆಯುವುದನ್ನು ನೋಡಿ ನಿಂಗಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಆ ದಿನಗಳಲ್ಲಿ ಕೂಸುಗಳ ಹೊಟ್ಟೆ ಒಂದೊಂದಾಗಿ ನೆಟ್ಟಗಾಯಿತು. ಅವಳ ಮಗಳು ಹಾಲು ಕಕ್ಕುವುದನ್ನು ಬಿಟ್ಟು ಕಾಲು ಬಡಿದು ಆಡತೊಡಗಿದಳು. ಎಲ್ಲ ಅಮ್ಮನ ಕೃಪೆ ಎಂದು ಊರು ಹಿಗ್ಗಿತು. ನಿಂಗಕ್ಕ ಮಾತ್ರ ಹೆದರಿದಳು. ಆರತಿಯಾದರೆ ಎಲ್ಲರೂ ಮತ್ತೆ ದೊಣೆಗೇ ಬರುತ್ತಾರೆ, ಮಗುವಿನ ಬಾಯಿಗೆ ಮೊದಲ ತೀರ್ಥ ಅಜ್ಜಿಯ ಕೈಯಿಂದಲೇ ಬೀಳುತ್ತದೆ.

ಆರತಿಯ ದಿನ ತಟ್ಟೆ ಹಿಡಿದು ನಿಂತ ಅತ್ತೆಗೆ ಅವಳು ಅಡ್ಡ ಬಂದಳು. "ಅತ್ತೆ, ಅಮ್ಮ ಮೈನೆರ್ದಿಲ್ಲ. ನಮ್ಮ ಬಚ್ಲು ಗುಂಡಿಗೆ ನಾನೇ ಪತಂಗದ ನೀರು ಹುಯ್ದಿದ್ದೆ. ಅದೇ ಬಂಡೆ ಸಂದೀಲಿ ಇಳ್ದು ಇಲ್ಲಿಗೆ ಬಂತು. ಬಣ್ಣ ಇಲ್ದಿರೋ ಕೊಳೆ ದಿನಾ ಬರ್ತೈತೆ, ಅದನ್ನೇ ನಾವು ಕೂಸ್ಗೆ ಕುಡಿಸ್ತಿರೋದು."

ಕೇರಿಯ ಯಜಮಾನ ಗುರುಸಿದ್ದಯ್ಯ ಕೆಂಡವಾದ. ಅಮ್ಮನಿಗೆ ಮೈಲಿಗೆ ಮಾಡಿದವಳು ಇಂದೇ ತವರಿಗೆ ಹೋಗಲಿ, ಮಗು ಈ ಮನೆಯ ಕುಡಿ, ಅದು ಇಲ್ಲೇ ಇರಲಿ ಎಂದ. ನಿಂಗಕ್ಕ ಮಗಳನ್ನು ಅವಚಿಕೊಂಡಳು. ಎಲ್ಲರೂ ಚೌಡಮ್ಮನನ್ನು ನೋಡಿದರು. ಚೌಡಮ್ಮ ನೋಡುತ್ತಿದ್ದದ್ದು ತನ್ನ ಕೈಗಳನ್ನು. ತೀರಿಹೋದ ಮೊಮ್ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ತೀರ್ಥ ಬಿಟ್ಟಿದ್ದು ಆ ಕೈಗಳೇ. ಅವಳ ಎದೆ ಒಡೆದುಹೋಯಿತು ಎನ್ನುತ್ತಾರೆ. ಆದರೆ ದನಿ ಒಡೆಯಲಿಲ್ಲ. "ಯಜಮಾನ್ರೇ, ನನ್ನ ಸೊಸೆ ಎಲ್ಲಿಗೂ ಹೋಗಾಕಿಲ್ಲ. ಅಮ್ಮನ ಗುಡ್ಲೂ ಬಿಚ್ಚಾಕಿಲ್ಲ. ನಮ್ಮ ಕೊಳೆ ನಿಲ್ಲೋಗಂಟ ಅಮ್ಮ ಒಳಗೇ ಇರ್ಲಿ, ಆಮ್ಯಾಕೆ ಆರತಿ ಎತ್ತಾನ." ಮೈಲಿಗೆ ಇರುವಾಗಲೇ ಆರತಿ ಎತ್ತಿ ಎನ್ನುವ ಧೈರ್ಯ ಯಾವ ಯಜಮಾನನಿಗಿದ್ದೀತು? ಗುರುಸಿದ್ದಯ್ಯ ಆರತಿಯ ತಟ್ಟೆಯನ್ನು ವಾಪಸು ಒಯ್ಯಲು ಹೇಳಿದ. ಚೌಡಮ್ಮ ಮನೆಗೆ ಹೋದವಳೇ ತನ್ನ ಬಚ್ಚಲ ಗುಂಡಿಯನ್ನು ತಾನೇ ಮುಚ್ಚಿದಳು.

ಮನೆಗಳನ್ನು ಕೀಳಬೇಕಾಗಲಿಲ್ಲ, ಬಂಡೆ ಮನೆಗೆ ಒಳ್ಳೆಯದೇ ಆಗಿತ್ತು. ಕೊಳೆಗೆ ಬೇಕಾದ ನೆಲ ಬೇರೆ. ದೊಣೆಗೆ ಬೆನ್ನು ಮಾಡಿದ ಪಡುವಣ ಇಳಿಜಾರಿನ ಮೇಲ್ಭಾಗದಲ್ಲಿ ಎಷ್ಟು ಅಗೆದರೂ ಕಲ್ಲು ತಾಕದ ಕೆಮ್ಮಣ್ಣು ಇತ್ತು. ಹಳ್ಳ ಅಲ್ಲಿಂದ ಬಲು ದೂರ. ಅಲ್ಲಿ ಹೊಸ ಗುಂಡಿ ತೋಡಿ, ಬಚ್ಚಲುಗಳಿಂದ ಅಲ್ಲಿಗೆ ಕಲ್ಲುಕಾಲುವೆ ಹಾಸಿದರು, ತಿಪ್ಪೆಗಳೂ ಅತ್ತ ಹೋದವು. ಆ ಮಣ್ಣು ನೀರನ್ನು ಅವಸರಪಡದೆ ಕುಡಿಯಿತು. ಮರುವರ್ಷ ಅಲ್ಲಿ ಬಾಳೆ, ಕೆಸು, ಕುಂಬಳ ಎದ್ದವು; ಮೇಗಲಕೇರಿಯವರು ತಮ್ಮ ನೆಲದ ತರಕಾರಿ ತಿಂದದ್ದು ಅದೇ ಮೊದಲು. ಕೊನೆಗೆ ಗುರುಸಿದ್ದಯ್ಯನೇ ಹೊಸ ಗುಂಡಿಗೆ ಪತಂಗದ ನೀರು ಸುರಿಸಿದ. ದೊಣೆ ತಿಳಿಯಾಗಿಯೇ ಉಳಿಯಿತು. ಆಗ ಗುಡ್ಲು ಬಿಚ್ಚಿ ಆರತಿ ಎತ್ತಿದರು.

ಈಗ ಮನೆಗಳಿಗೆಲ್ಲ ಪಾಯಿಖಾನೆ ಬಂದಿದೆ. ಸೆಪ್ಟಿಕ್ ಟ್ಯಾಂಕುಗಳೆಲ್ಲ ಪಡುವಣ ಇಳಿಜಾರಿನಲ್ಲೇ ಇವೆ. ಹೊರಗಿನವರು ಬಂದು ಬಂಡೆಯ ಮೇಲೆ ವಸತಿಗೃಹ ಕಟ್ಟಿದಾಗಲೂ ಪೈಪನ್ನು ಅಲ್ಲಿಗೇ ಎಳೆಸಿದರು. ಮಳೆಗಾಲದಲ್ಲಿ ಒಂದು ದಿನ ಇಳಿಜಾರಿನ ಗುಂಡಿಗಳಿಗೆ ಕೆಂಪು ನೀರು ಸುರಿದು, ಮರುದಿನ ಊರೆಲ್ಲ ದೊಣೆಯ ಸುತ್ತ ಕೂರುತ್ತದೆ. ಮೊಬೈಲು ಎತ್ತಿ ಹಿಡಿದ ಪ್ರವಾಸಿಗಳು, ಏನಾಗುತ್ತದೆ ಎಂದು ನನ್ನನ್ನು ಕೇಳುತ್ತಾರೆ. ಏನೂ ಆಗುವುದಿಲ್ಲ, ಅದನ್ನೇ ನೋಡಿ ಎನ್ನುತ್ತೇನೆ. ಏನೂ ಆಗದಿರುವುದನ್ನು ಕಣ್ಣಾರೆ ಕಂಡ ಮೇಲೆ ಆ ವರ್ಷ ಹುಟ್ಟಿದ ಕೂಸುಗಳ ಅಜ್ಜಿಯರು ಒಬ್ಬೊಬ್ಬರಾಗಿ ಎದ್ದು, ಬೊಗಸೆ ತುಂಬ ನೀರು ಮೊಗೆದು, ಮೊದಲು ತಾವು ಕುಡಿಯುತ್ತಾರೆ.